ಗಾಳಿಗೂ ಒಂದು ನಕ್ಷೆ ಬೇಕು



ಇಂದಿನ ಮಾತನ್ನು ಒಂದು ಊರಿನ ಹೆಸರಿನಿಂದ ಆರಂಭಿಸೋಣ. ರಾಯಚೂರು ತಾಲೂಕಿನಲ್ಲಿ ಯಾಪಲದಿನ್ನಿ ಎಂಬ ಊರಿದೆ. ನೆರೆಯ ತೆಲಂಗಾಣದ ಆಡುಮಾತಿನಲ್ಲಿ ಬೇವಿನ ಮರಕ್ಕೆ 'ಯಾಪ' ಎನ್ನುತ್ತಾರೆ. 'ದಿನ್ನಿ' ಎಂದರೆ ದಿಣ್ಣೆ, ಎತ್ತರದ ನೆಲ. ಹೀಗೆ ಬಿಡಿಸಿ ಓದಿದರೆ ಯಾಪಲದಿನ್ನಿ ಎಂದರೆ ಬೇವಿನ ಮರಗಳ ದಿಣ್ಣೆ ಎಂದಾಗುತ್ತದೆ. ನೀರು ನಿಲ್ಲದ ಎತ್ತರದ ನೆಲ, ಗಾಳಿಯಾಡುವ ಬಯಲು, ಬಿಸಿಲಿನಲ್ಲಿ ಬೇವಿನ ನೆರಳು. ಊರು ಕಟ್ಟಲು ಇದಕ್ಕಿಂತ ಒಳ್ಳೆಯ ಜಾಗ ಬೇಕೆ?

ಈಗ ಆ ಊರಿನ ಒಬ್ಬ ವಿದ್ಯಾರ್ಥಿನಿಯನ್ನು ಕಲ್ಪಿಸಿಕೊಳ್ಳಿ. ಬೆಳಿಗ್ಗೆ ಬಸ್ಸು ಹತ್ತಿ ರಾಯಚೂರಿನ ಕಾಲೇಜಿಗೆ ಬರುತ್ತಾಳೆ. ದಾರಿಯಲ್ಲಿ ಹೊಲದ ಧೂಳು. ಹೆದ್ದಾರಿ ಸೇರಿದ ಮೇಲೆ ಲಾರಿಗಳ ಹೊಗೆ. ನಗರದೊಳಗೆ ಹತ್ತಿ ಮತ್ತು ಭತ್ತದ ವಹಿವಾಟಿನ ಧೂಳು, ರಸ್ತೆ ಬದಿಯಲ್ಲಿ ಉರಿಯುವ ಕಸ. ಸಂಜೆ ಮನೆಗೆ ಹೋಗಿ ಮುಖ ಒರೆಸಿಕೊಂಡರೆ ಬಿಳಿಯ ಕರವಸ್ತ್ರ ಬೂದುಬಣ್ಣಕ್ಕೆ ತಿರುಗುತ್ತದೆ.

ಈ ಧೂಳು ಎಲ್ಲಿಂದ ಬಂತು ಎಂದು ನಾವು ಕೇಳುತ್ತೇವೆ. ಹೊಗೆಗೊಳವೆಗೆ ಶೋಧಕ ಹಾಕಿ, ವಾಹನಗಳ ತಪಾಸಣೆ ಮಾಡಿ, ಕಸ ಸುಡಬೇಡಿ ಎಂದು ಹೇಳುತ್ತೇವೆ. ಇವೆಲ್ಲವೂ ಬೇಕಾದ ಕ್ರಮಗಳೇ. ಆದರೆ ಇವುಗಳಿಗೂ ಮೊದಲು ಕೇಳಬೇಕಾದ ಒಂದು ಪ್ರಶ್ನೆ ಇದೆ. ಯಾವುದು ಎಲ್ಲಿರಬೇಕು? ಗಿರಣಿ ಎಲ್ಲಿ, ಶಾಲೆ ಎಲ್ಲಿ, ವಿದ್ಯುತ್ ಸ್ಥಾವರ ಎಲ್ಲಿ, ಮನೆಗಳು ಎಲ್ಲಿ? ಈ ಪ್ರಶ್ನೆಗೆ ಕೊಡುವ ಉತ್ತರಕ್ಕೇ ಭೂಬಳಕೆ ಯೋಜನೆ ಎಂದು ಹೆಸರು. ಒಂದು ಊರಿನ ಗಾಳಿಯ ಭವಿಷ್ಯ ಬಹುಮಟ್ಟಿಗೆ ಅದರ ನಕ್ಷೆಯಲ್ಲೇ ಬರೆದಿರುತ್ತದೆ ಎಂಬುದೇ ನಾನು ಇಂದು ನಿಮ್ಮ ಮುಂದೆ ಇಡಬೇಕೆಂದಿರುವ ವಿಚಾರ.

ಗಾಳಿಯಲ್ಲಿ ತೇಲುವ ಕಣಗಳು

ಮೊದಲು ಗಾಳಿಯಲ್ಲಿರುವ ಕಣಗಳ ವಿಷಯ ತಿಳಿದುಕೊಳ್ಳೋಣ. ವಿಜ್ಞಾನಿಗಳು ಇವನ್ನು ಗಾತ್ರದಿಂದ ವಿಂಗಡಿಸುತ್ತಾರೆ. 10 ಮೈಕ್ರಾನ್ ಮತ್ತು ಅದಕ್ಕಿಂತ ಚಿಕ್ಕ ಕಣಗಳಿಗೆ ಪಿ.ಎಂ. 10 ಎಂದೂ, 2.5 ಮೈಕ್ರಾನ್ ಮತ್ತು ಅದಕ್ಕಿಂತ ಚಿಕ್ಕ ಕಣಗಳಿಗೆ ಪಿ.ಎಂ. 2.5 ಎಂದೂ ಹೆಸರು. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ನಮ್ಮ ತಲೆಗೂದಲಿನ ದಪ್ಪ ಸುಮಾರು 50ರಿಂದ 70 ಮೈಕ್ರಾನ್. ದೊಡ್ಡ ಕಣಗಳನ್ನು ಮೂಗು ಮತ್ತು ಗಂಟಲು ತಡೆಯುತ್ತವೆ. ಚಿಕ್ಕ ಕಣಗಳು ಶ್ವಾಸಕೋಶದ ಕೊನೆಯ ಗಾಳಿಚೀಲದವರೆಗೆ ಹೋಗುತ್ತವೆ. ಅವುಗಳಲ್ಲಿ ಅತಿಸೂಕ್ಷ್ಮವಾದವು ರಕ್ತವನ್ನೂ ಸೇರಬಲ್ಲವು.

2009ರಲ್ಲಿ ಪ್ರಕಟವಾದ ರಾಷ್ಟ್ರೀಯ ಮಾನದಂಡದಂತೆ ಒಂದು ಘನ ಮೀಟರ್ ಗಾಳಿಯಲ್ಲಿ ಪಿ.ಎಂ. 10ರ ವಾರ್ಷಿಕ ಸರಾಸರಿ 60 ಮೈಕ್ರೋಗ್ರಾಂ ಮೀರಬಾರದು, ಪಿ.ಎಂ. 2.5ರದು 40 ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇನ್ನೂ ಬಿಗಿಯಾದ ಮಿತಿಯನ್ನು ಸೂಚಿಸಿತು. ಪಿ.ಎಂ. 10ಕ್ಕೆ 15, ಪಿ.ಎಂ. 2.5ಕ್ಕೆ ಕೇವಲ 5.

ಈ ಕಣಗಳು ಎಷ್ಟು ಎತ್ತರದಲ್ಲಿ ಹೊರಬೀಳುತ್ತವೆ ಎಂಬುದನ್ನೂ ಗಮನಿಸಬೇಕು. ಎತ್ತರದ ಚಿಮಣಿಯಿಂದ ಹೊರಟ ಹೊಗೆ ಬಹುದೂರ ಸಾಗಿ, ಚದುರಿ, ತೆಳುವಾಗಿ ನೆಲಕ್ಕೆ ಇಳಿಯುತ್ತದೆ. ಆದರೆ ಗಿರಣಿಯ ಗಿಡ್ಡ ಚಿಮಣಿ, ಲಾರಿಯ ಹೊಗೆಕೊಳವೆ, ಉರಿಯುವ ಕಸದ ರಾಶಿ, ಡಾಂಬರು ಕಿತ್ತ ರಸ್ತೆ, ಇವು ನಮ್ಮ ಮೂಗಿನ ಎತ್ತರದಲ್ಲೇ ಕಣಗಳನ್ನು ಬಿಡುತ್ತವೆ. ಒಂದು ಬೀದಿಯವರು ಉಸಿರಾಡುವ ಗಾಳಿಯನ್ನು ಕೆಡಿಸುವುದರಲ್ಲಿ ದೂರದ ದೊಡ್ಡ ಚಿಮಣಿಗಿಂತ ಪಕ್ಕದ ಸಣ್ಣ ಚಿಮಣಿಯೇ ಮುಂದಿರಬಹುದು. ಹಾಗೆಂದು ದೊಡ್ಡದು ನಿರುಪದ್ರವಿ ಎಂದಲ್ಲ. ಅದರ ಪ್ರಭಾವ ಬೀಳುವ ಪ್ರದೇಶ ವಿಸ್ತಾರವಾದದ್ದು. ಆದ್ದರಿಂದ ನಕ್ಷೆ ಬರೆಯುವವರು ಎರಡು ಅಳತೆಗೋಲುಗಳನ್ನು ಹಿಡಿಯಬೇಕಾಗುತ್ತದೆ. ಒಂದು ಬೀದಿಯನ್ನು ಅಳೆಯುವುದು, ಇನ್ನೊಂದು ಇಡೀ ಜಿಲ್ಲೆಯನ್ನು ಅಳೆಯುವುದು.

ರಾಯಚೂರು ಬೆಳೆದ ಬಗೆ

ರಾಯಚೂರಿನ ನಕ್ಷೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ನಡುವೆ ಬೆಟ್ಟ, ಅದರ ಬುಡದಲ್ಲಿ ಕೋಟೆ. ಕಾಕತೀಯರ ಕಾಲದ ಈ ಕೋಟೆಯ ಶಾಸನದ ವರ್ಷ 1294. ಇಂದಿಗೂ ನಗರದಲ್ಲಿ ಅಂದರೂನ್ ಕಿಲ್ಲಾ, ಬೇರೂನ್ ಕಿಲ್ಲಾ ಎಂಬ ಬಡಾವಣೆಗಳಿವೆ. ಅಂದರೂನ್ ಎಂದರೆ ಒಳಗೆ, ಬೇರೂನ್ ಎಂದರೆ ಹೊರಗೆ. ಕೋಟೆಯೊಳಗೆ ಏನಿರಬೇಕು, ಹೊರಗೆ ಏನಿರಬೇಕು ಎಂಬ ವಿಂಗಡಣೆ ಆ ಹೆಸರುಗಳಲ್ಲೇ ಉಳಿದಿದೆ. ಭೂಬಳಕೆ ಎಂಬ ಪದ ಹೊಸದಾದರೂ ಪದ್ಧತಿ ಹಳೆಯದು.

1871ರಲ್ಲಿ ಮುಂಬಯಿ ಕಡೆಯಿಂದ ಬಂದ ರೈಲುಮಾರ್ಗ ಮತ್ತು ಮದರಾಸಿನ ಕಡೆಯಿಂದ ಬಂದ ರೈಲುಮಾರ್ಗ ರಾಯಚೂರಿನಲ್ಲಿ ಕೂಡಿಕೊಂಡವು. ರೈಲು ಬಂದಲ್ಲಿ ಸರಕು ಬಂತು. ಸರಕು ಬಂದಲ್ಲಿ ಗಂಜ್ ಬೆಳೆಯಿತು, ಹತ್ತಿ ಬಿಡಿಸುವ ಗಿರಣಿ, ಎಣ್ಣೆ ಗಿರಣಿ, ಅಕ್ಕಿ ಗಿರಣಿಗಳು ಬಂದವು. ಅಂದು ಅವು ಊರ ಅಂಚಿನಲ್ಲಿದ್ದವು. ಊರು ಬೆಳೆಯುತ್ತ ಹೋದಂತೆ ಅಂಚೇ ನಡುವಾಯಿತು. ಯಾರೂ ಬೇಕೆಂದು ಗಿರಣಿಯನ್ನು ಮನೆಗಳ ಮಧ್ಯೆ ತಂದಿಡಲಿಲ್ಲ. ಮನೆಗಳೇ ಗಿರಣಿಯನ್ನು ಸುತ್ತುವರಿದವು.

ಭತ್ತದ ತೂಕದಲ್ಲಿ ಸುಮಾರು ಐದನೆಯ ಒಂದು ಭಾಗ ಹೊಟ್ಟು. ಅದನ್ನು ಸುಟ್ಟರೆ ಅದರಲ್ಲಿ ಮತ್ತೆ ಸುಮಾರು ಐದನೆಯ ಒಂದು ಭಾಗ ಬೂದಿಯಾಗಿ ಉಳಿಯುತ್ತದೆ. ಅಂದರೆ 100 ಕ್ವಿಂಟಲ್ ಭತ್ತ, 20 ಕ್ವಿಂಟಲ್ ಹೊಟ್ಟು, 4 ಕ್ವಿಂಟಲ್ ಬೂದಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವ ಮಾನ್ವಿ, ಸಿಂಧನೂರು ಸೀಮೆಯಲ್ಲಿ ಬೆಳೆಯುವ ಭತ್ತವನ್ನು ನೆನೆದರೆ ಈ ಲೆಕ್ಕದ ತೂಕ ತಿಳಿಯುತ್ತದೆ. ಬಿಡಿಸಿದ ಅಕ್ಕಿ ನಾಡೆಲ್ಲ ಹೋಗುತ್ತದೆ. ಹೊಟ್ಟಿನ ಬೂದಿಯ ಚಿಂತೆ ಗಿರಣಿ ಇದ್ದ ಊರಿಗೇ ಉಳಿಯುತ್ತದೆ.

ಮೂರನೆಯ ಘಟ್ಟ ವಿದ್ಯುತ್ತಿನದು. ನಗರದಿಂದ ಉತ್ತರಕ್ಕೆ ಸುಮಾರು 20 ಕಿಲೋಮೀಟರ್ ದೂರದಲ್ಲಿ, ಕೃಷ್ಣಾ ನದಿಯ ದಂಡೆಯ ಶಕ್ತಿನಗರದಲ್ಲಿ ಉಷ್ಣವಿದ್ಯುತ್ ಸ್ಥಾವರದ ಮೊದಲ ಘಟಕ 1985ರಲ್ಲಿ ಆರಂಭವಾಯಿತು. 2010ರಲ್ಲಿ ಎಂಟನೆಯ ಘಟಕ ಸೇರಿದಾಗ ಅದರ ಸ್ಥಾಪಿತ ಸಾಮರ್ಥ್ಯ 1720 ಮೆಗಾವ್ಯಾಟಿಗೆ ಏರಿತು. ನದಿಯ ನೀರು, ಕಲ್ಲಿದ್ದಲು ತರುವ ರೈಲು, ವಿಶಾಲವಾದ ಭೂಮಿ, ಮೂರೂ ಅಲ್ಲಿ ಒಟ್ಟಿಗೆ ದೊರೆಯುತ್ತಿದ್ದವು. ಮುಂದೆ ಯರಮರಸಿನಲ್ಲಿ, ನಗರದ ಮಧ್ಯಭಾಗದಿಂದ ಸುಮಾರು 10 ಕಿಲೋಮೀಟರ್ ದೂರದಲ್ಲಿ, ತಲಾ 800 ಮೆಗಾವ್ಯಾಟಿನ ಎರಡು ಘಟಕಗಳು ತಲೆಯೆತ್ತಿದವು. 2017ರಲ್ಲಿ ಅವು ವಾಣಿಜ್ಯ ಉತ್ಪಾದನೆ ಆರಂಭಿಸಿದವು. ಚಿಕ್ಕಸುಗೂರಿನ ಕೈಗಾರಿಕಾ ಪ್ರದೇಶವೂ ಅದೇ ಹೈದರಾಬಾದ್ ರಸ್ತೆಯ ದಿಕ್ಕಿನಲ್ಲಿದೆ. ಹೀಗೆ ಒಂದೇ ದಿಕ್ಕಿನಲ್ಲಿ, ಒಂದೇ ರಸ್ತೆಯ ಆಸುಪಾಸಿನಲ್ಲಿ, ದೊಡ್ಡ ದೊಡ್ಡ ಹೊಗೆಯ ಮೂಲಗಳು ಸಾಲುಗೂಡಿದವು.

ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಸಾಮಾನ್ಯವಾಗಿ ಶೇಕಡ 30ರಿಂದ 45ರಷ್ಟು ಬೂದಿ ಇರುತ್ತದೆ. ಸಾವಿರ ಟನ್ ಕಲ್ಲಿದ್ದಲು ಉರಿದರೆ ಮುನ್ನೂರು, ನಾನೂರು ಟನ್ ಬೂದಿ. ಇದರ ಬಹುಪಾಲು ಹಿಟ್ಟಿನಂತೆ ನಯವಾದ ಹಾರುಬೂದಿ. ಚಿಮಣಿಗೆ ಹೋಗುವ ಮುನ್ನ ಸ್ಥಿರವಿದ್ಯುತ್ ಧೂಳುಗ್ರಾಹಕಗಳು ಇದರ ಹೆಚ್ಚಿನ ಅಂಶವನ್ನು ಹಿಡಿಯುತ್ತವೆ. ಹಿಡಿದ ಬೂದಿಯನ್ನು ಸಿಮೆಂಟಿಗೆ, ಇಟ್ಟಿಗೆಗೆ ಬಳಸುತ್ತಾರೆ. ಉಳಿದದ್ದು ಬೂದಿಹೊಂಡ ಸೇರುತ್ತದೆ. 1999ರಿಂದ ಈ ಬಳಕೆಯನ್ನು ಕಡ್ಡಾಯಗೊಳಿಸುವ ಅಧಿಸೂಚನೆಗಳು ಬಂದಿವೆ. ಆದರೆ ಬೂದಿ ಲಾರಿ ಹತ್ತಿ ಹೊರಟಿತೆಂದರೆ, ಅದು ಸಾಗುವ ರಸ್ತೆಯೂ ಹೊಗೆಯ ಮೂಲವೇ ಆಗುತ್ತದೆ. ಆದ್ದರಿಂದ ಒಂದು ಸ್ಥಾವರವನ್ನು ನಕ್ಷೆಯಲ್ಲಿ ಗುರುತಿಸುವಾಗ ಚಿಮಣಿಯ ಚುಕ್ಕೆಯೊಂದನ್ನು ಇಟ್ಟರೆ ಸಾಲದು. ಬೂದಿಹೊಂಡವನ್ನೂ ಕಲ್ಲಿದ್ದಲಿನ ಅಂಗಳವನ್ನೂ ಲಾರಿಯ ದಾರಿಯನ್ನೂ ಅದರೊಂದಿಗೇ ಬರೆಯಬೇಕು.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2009ರಲ್ಲಿ ದೇಶದ 88 ಕೈಗಾರಿಕಾ ಸಮೂಹಗಳ ಮಾಲಿನ್ಯದ ಮಟ್ಟವನ್ನು ಅಂಕಗಳಲ್ಲಿ ಅಳೆಯಿತು. ಆ 88ರ ಪಟ್ಟಿಯಲ್ಲಿ ರಾಯಚೂರಿನ ಹೆಸರೂ ಇತ್ತು ಎಂಬುದನ್ನು ಇಲ್ಲಿಯ ಮಕ್ಕಳು ತಿಳಿದಿರಬೇಕು.

ಗಾಳಿಹೂವು

ಯಾವುದೇ ಊರಿನ ಭೂಬಳಕೆ ಯೋಜನೆಗೆ ಗಾಳಿಯ ದಿಕ್ಕು ಮೊದಲ ಪಾಠ. ವರ್ಷದಲ್ಲಿ ಎಷ್ಟು ದಿನ ಯಾವ ಕಡೆಯಿಂದ ಗಾಳಿ ಬೀಸುತ್ತದೆ ಎಂಬುದನ್ನು ಒಂದು ವೃತ್ತದ ಸುತ್ತ ಎಸಳುಗಳಂತೆ ಬರೆಯುತ್ತಾರೆ. ಹೆಚ್ಚು ದಿನ ಬೀಸುವ ದಿಕ್ಕಿಗೆ ಉದ್ದನೆಯ ಎಸಳು, ಕಡಿಮೆ ಬೀಸುವ ದಿಕ್ಕಿಗೆ ಗಿಡ್ಡ ಎಸಳು. ಹವಾಮಾನ ಶಾಸ್ತ್ರದಲ್ಲಿ ಇದಕ್ಕೆ ವಿಂಡ್ ರೋಸ್ ಎಂದು ಹೆಸರು. ನಾವು ಗಾಳಿಹೂವು ಎಂದು ಕರೆಯೋಣ.

ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಮುಖ್ಯವಾಗಿ ಪಶ್ಚಿಮ ಮತ್ತು ನೈಋತ್ಯದಿಂದ ಬೀಸುತ್ತದೆ. ಆಗ ನಗರದ ಉತ್ತರಕ್ಕಿರುವ ಚಿಮಣಿಗಳ ಹೊಗೆ ನಗರದಿಂದ ದೂರ, ಈಶಾನ್ಯದ ಹಳ್ಳಿಗಳ ಕಡೆ ಸಾಗುತ್ತದೆ. ಮಳೆಯೂ ಗಾಳಿಯನ್ನು ತೊಳೆಯುತ್ತದೆ. ಅಕ್ಟೋಬರ್ ನಂತರ ಗಾಳಿ ತಿರುಗಿ ಪೂರ್ವ ಮತ್ತು ಈಶಾನ್ಯದಿಂದ ಬರತೊಡಗುತ್ತದೆ. ಉತ್ತರದ ಪಾಲು ಬೆರೆತ ಗಾಳಿ ಬೀಸಿದ ದಿನ ಹೊಗೆಯ ದಾರಿ ನಗರದ ಕಡೆಗೆ ಬಾಗುತ್ತದೆ.

ಚಳಿಗಾಲಕ್ಕೆ ಇನ್ನೊಂದು ತೊಡಕೂ ಇದೆ. ಸಾಮಾನ್ಯವಾಗಿ ನೆಲದ ಬಳಿಯ ಗಾಳಿ ಬಿಸಿಯಾಗಿರುತ್ತದೆ, ಮೇಲೇರುತ್ತದೆ, ಜೊತೆಗೆ ಹೊಗೆಯನ್ನೂ ಒಯ್ಯುತ್ತದೆ. ನಿರಭ್ರವಾದ ಚಳಿಗಾಲದ ರಾತ್ರಿ ನೆಲ ಬೇಗನೆ ತಣಿಯುತ್ತದೆ. ನೆಲದ ಬಳಿ ತಣ್ಣನೆಯ ಗಾಳಿ, ಅದರ ಮೇಲೆ ಬೆಚ್ಚನೆಯ ಗಾಳಿಯ ಪದರ. ಪಾತ್ರೆಗೆ ಮುಚ್ಚಳ ಹಾಕಿದಂತೆ! ಇದನ್ನು ಉಷ್ಣತಾ ವಿಲೋಮ ಎನ್ನುತ್ತಾರೆ. ಆ ಮುಚ್ಚಳದ ಕೆಳಗೆ ಕಸದ ಹೊಗೆ, ಗಿರಣಿಯ ಹೊಗೆ, ಕೊಯ್ಲಿನ ನಂತರ ಸುಟ್ಟ ಭತ್ತದ ಕೂಳೆಯ ಹೊಗೆ ಎಲ್ಲವೂ ಸಿಕ್ಕಿಕೊಳ್ಳುತ್ತವೆ. ನೀವು ಶಾಲೆಗೆ ಹೊರಡುವ ಬೆಳಗಿನ ಹೊತ್ತಿನಲ್ಲಿ ಆ ಮುಚ್ಚಳ ಇನ್ನೂ ತೆರೆದಿರುವುದಿಲ್ಲ.

ವರ್ಷದ ಸರಾಸರಿ ಗಾಳಿಯನ್ನು ನೋಡಿದರೆ ಸುರಕ್ಷಿತವೆಂದು ಕಾಣುವ ಜಾಗ, ಚಳಿಗಾಲದ ಬೆಳಗಿನಲ್ಲಿ ಹಾಗಿರಬೇಕಾಗಿಲ್ಲ. ಆದಕಾರಣ ಪ್ರತಿ ಋತುವಿಗೂ ಬೇರೆ ಗಾಳಿಹೂವನ್ನು ಬಿಡಿಸಿ, ಮಳೆ ಇಲ್ಲದ, ಗಾಳಿ ಮಂದವಾದ ತಿಂಗಳುಗಳದ್ದನ್ನೇ ಮುಂದಿಟ್ಟುಕೊಂಡು ಜಾಗ ಆರಿಸುವುದು ವಿವೇಕ.

ಜರ್ಮನಿಯ ಸ್ಟುಟ್‌ಗಾರ್ಟ್ ನಗರ ಒಂದು ಕಣಿವೆಯಲ್ಲಿದೆ. ಅಲ್ಲಿ ಗಾಳಿ ಮಂದ. 1938ರಷ್ಟು ಹಿಂದೆಯೇ ಆ ನಗರಾಡಳಿತ ಯೋಜನೆಯ ಕೆಲಸಕ್ಕೆ ಒಬ್ಬ ಹವಾಮಾನ ತಜ್ಞರನ್ನು ನೇಮಿಸಿಕೊಂಡಿತು. ರಾತ್ರಿ ಬೆಟ್ಟದ ಇಳಿಜಾರಿನಿಂದ ತಂಪು ಗಾಳಿ ಕಣಿವೆಗೆ ಇಳಿಯುವ ದಾರಿಗಳನ್ನು ಗುರುತಿಸಿ, ಅಲ್ಲಿ ಕಟ್ಟಡಗಳು ಅಡ್ಡ ನಿಲ್ಲದಂತೆ ನಿಯಮ ಮಾಡಿದರು. ರಾಯಚೂರಿನ ಭೂಸ್ವರೂಪ ಬೇರೆ. ಆದರೆ ಗಾಳಿಗೂ ದಾರಿ ಬಿಡಬೇಕೆಂಬ ತತ್ವ ಎಲ್ಲ ಊರಿಗೂ ಒಂದೇ. ನಮ್ಮಲ್ಲಿ ಕೆರೆಯಂಗಳ, ಹಳ್ಳದ ದಂಡೆ, ಬೆಟ್ಟದ ಇಳಿಜಾರು ತೆರವಾಗಿದ್ದರೆ ಅವೇ ನಮ್ಮ ಗಾಳಿಯ ಬೀದಿಗಳು.

ದೂರವೂ ಒಂದು ಶೋಧಕ

ದೂರಕ್ಕೆ ವೆಚ್ಚವಿಲ್ಲ, ವಿದ್ಯುತ್ ಬೇಡ, ಅದು ಕೆಟ್ಟುಹೋಗುವುದೂ ಇಲ್ಲ. ವಾಹನ ದಟ್ಟಣೆಯ ಹೆದ್ದಾರಿಯ ಅಂಚಿನಲ್ಲಿ ತೀರ ಹೆಚ್ಚಾಗಿರುವ ಹೊಗೆಯ ಪ್ರಮಾಣ, ಕೆಲವು ನೂರು ಮೀಟರು ಒಳಗೆ ಸರಿಯುವಷ್ಟರಲ್ಲಿ ಬಹಳಷ್ಟು ಇಳಿಯುತ್ತದೆ ಎಂಬುದು ಅನೇಕ ದೇಶಗಳಲ್ಲಿ ಅಳೆದು ಕಂಡುಕೊಂಡ ಸಂಗತಿ. ಹೀಗಿರುವಾಗ ಹೆದ್ದಾರಿಗೆ ಮುಖ ಮಾಡಿ ಗೋದಾಮು, ಗ್ಯಾರೇಜು, ಮಳಿಗೆಗಳನ್ನು ಇರಿಸಿ, ಶಾಲೆ ಮತ್ತು ಆಸ್ಪತ್ರೆಯನ್ನು ಒಳಗಿನ ರಸ್ತೆಗೆ ಸರಿಸಿದರೆ, ಖರ್ಚಿಲ್ಲದೆ ಮಕ್ಕಳ ಉಸಿರು ಹಗುರವಾಗುತ್ತದೆ. ನಾವು ಮಾಡುವುದು ಇದಕ್ಕೆ ವಿರುದ್ಧ. ಬಸ್ಸಿಗೆ ಅನುಕೂಲವೆಂದು ಶಾಲೆಯನ್ನು ಹೆದ್ದಾರಿಗೇ ತಂದು ನಿಲ್ಲಿಸುತ್ತೇವೆ.

ಹಸಿರು ಪಟ್ಟಿ ದೂರಕ್ಕೆ ಜೊತೆಗಾರ. ಬೇವು, ಹೊಂಗೆ, ಹುಣಸೆ, ಅರಳಿಯಂಥ ಮರಗಳ ಎಲೆಗಳು ಧೂಳನ್ನು ಹಿಡಿದಿಡುತ್ತವೆ. ಮಳೆ ಬಂದಾಗ ಅದು ತೊಳೆದು ನೆಲ ಸೇರುತ್ತದೆ. ಒಂದೇ ಸಾಲು ಸಾಲದು. ಮುಂದೆ ಪೊದೆ, ನಡುವೆ ಮಧ್ಯಮ ಮರ, ಹಿಂದೆ ಎತ್ತರದ ಮರ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹಲವು ಸಾಲು ಬೇಕು. ಆದರೆ ಮರವು ದಪ್ಪ ಧೂಳನ್ನು ತಡೆದಷ್ಟು ಸುಲಭವಾಗಿ ಸೂಕ್ಷ್ಮ ಕಣವನ್ನಾಗಲಿ ಅನಿಲವನ್ನಾಗಲಿ ತಡೆಯಲಾರದು. ಹತ್ತು ಸಸಿ ನೆಟ್ಟು ಚಿಮಣಿಯ ತಪ್ಪನ್ನು ಮನ್ನಿಸುವುದು ಸಲ್ಲದು.

ದೂರದ ತತ್ವವನ್ನು ನಮ್ಮ ರಾಜ್ಯ ಒಂದು ಕಡೆ ಕಾನೂನಾಗಿಯೇ ಬರೆದಿದೆ. ಜಲ್ಲಿಕಲ್ಲು ಯಂತ್ರಗಳ ಧೂಳಿನಿಂದ ಹಳ್ಳಿಗಳು, ಬೆಳೆಗಳು ಬಳಲಿದ ಬಳಿಕ 2011ರಲ್ಲಿ ಕರ್ನಾಟಕ ಕಲ್ಲುಪುಡಿ ಘಟಕಗಳ ನಿಯಂತ್ರಣ ಅಧಿನಿಯಮ ಬಂತು. ವಸತಿ, ರಸ್ತೆ ಮುಂತಾದವುಗಳಿಂದ ಗೊತ್ತುಪಡಿಸಿದ ಅಂತರವಿರುವ 'ಸುರಕ್ಷಿತ ವಲಯ'ದಲ್ಲಿ ಮಾತ್ರ ಅಂಥ ಘಟಕಕ್ಕೆ ಅನುಮತಿ ಎಂಬುದು ಅದರ ತಿರುಳು. ಧೂಳು ಎಬ್ಬಿಸುವ ಉದ್ಯಮಕ್ಕೂ ಜಾಗ ಬೇಕು, ಆದರೆ ಎಲ್ಲ ಜಾಗವೂ ಅದಕ್ಕಲ್ಲ!

ಜನಸಂಖ್ಯೆಯ ಗೆರೆ

ಇಲ್ಲಿ ಒಂದು ಸೂಕ್ಷ್ಮವಾದ ವಿಷಯವಿದೆ. ಸ್ವಲ್ಪ ಗಮನಕೊಟ್ಟು ಓದಿ. ಕೇಂದ್ರ ಸರ್ಕಾರ 1985ರಲ್ಲಿ ಕೈಗಾರಿಕೆಗಳ ಜಾಗ ಆರಿಸಲು ಮಾರ್ಗಸೂಚಿ ಹೊರಡಿಸಿತು. ಮೂರು ಲಕ್ಷ ಜನರಿರುವ ದೊಡ್ಡ ವಸತಿ ಹತ್ತಿರದಲ್ಲಿದ್ದರೆ, ಮುಂದಿನ ಹತ್ತು ವರ್ಷ ಆ ಊರು ಯಾವ ದಿಕ್ಕಿಗೆ ಬೆಳೆಯುತ್ತದೆಂದು ಅಂದಾಜು ಮಾಡಿ, ಆ ಬೆಳವಣಿಗೆಯ ಗಡಿಯಿಂದ 25 ಕಿಲೋಮೀಟರ್ ದೂರದಲ್ಲಿ ಕೈಗಾರಿಕೆ ಇಡಬೇಕೆಂದು ಅದು ಹೇಳಿತು. ಊರು ಇಂದು ಎಲ್ಲಿದೆ ಎಂಬುದನ್ನಷ್ಟೇ ನೋಡದೆ ನಾಳೆ ಎಲ್ಲಿರುತ್ತದೆ ಎಂಬುದನ್ನು ನೋಡಬೇಕೆಂಬ ಮಾತು ಬಹಳ ಬೆಲೆಯುಳ್ಳದ್ದು.

ಆದರೆ ಗೆರೆ ಎಳೆದದ್ದು ಮೂರು ಲಕ್ಷಕ್ಕೆ. 2011ರ ಜನಗಣತಿಯಲ್ಲಿ ರಾಯಚೂರು ನಗರದ ಜನಸಂಖ್ಯೆ 2,34,073. ಗೆರೆಯ ಕೆಳಗೆ! ಇಂಥದೇ ಗೆರೆಗಳು ಆಮೇಲೂ ಬಂದವು. 2015ರಲ್ಲಿ ಉಷ್ಣವಿದ್ಯುತ್ ಸ್ಥಾವರಗಳ ಗಂಧಕದ ಡೈಆಕ್ಸೈಡಿಗೆ ಬಿಗಿ ಮಿತಿ ಹಾಕಿದ ಸರ್ಕಾರ, 2025ರ ಜುಲೈಯಲ್ಲಿ ಅದನ್ನು ಸಡಿಲಿಸಿತು. ರಾಜಧಾನಿ ಪ್ರದೇಶ ಅಥವಾ ಹತ್ತು ಲಕ್ಷ ದಾಟಿದ ನಗರಗಳ 10 ಕಿಲೋಮೀಟರ್ ಒಳಗಿರುವ ಸ್ಥಾವರಗಳಿಗೆ ಮಿತಿ ಕಡ್ಡಾಯವಾಗಿಯೇ ಉಳಿಯಿತು. ತೀವ್ರ ಮಲಿನವೆಂದೋ ಗಾಳಿಯ ಗುಣಮಟ್ಟ ಮುಟ್ಟದ್ದೆಂದೋ ಗುರುತಿಸಿದ ಊರುಗಳ ಬಳಿ ಇರುವವುಗಳನ್ನು ಒಂದೊಂದಾಗಿ ಪರಿಶೀಲಿಸಬೇಕೆಂದಾಯಿತು. ಉಳಿದವುಗಳಿಗೆ ಚಿಮಣಿಯ ಎತ್ತರದ ಷರತ್ತಿನೊಂದಿಗೆ ವಿನಾಯಿತಿ ದೊರೆಯಿತು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮಕ್ಕೆ ಕರ್ನಾಟಕದಿಂದ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿಗಳು ಸೇರಿದವು, ರಾಯಚೂರು ಸೇರಲಿಲ್ಲ.

ನಿಯಮ ಮಾಡುವವರು ಎಲ್ಲಾದರೂ ಗೆರೆ ಎಳೆಯಲೇಬೇಕು, ನಿಜ. ಹೆಚ್ಚು ಜನರಿರುವಲ್ಲಿ ಹೆಚ್ಚು ಎಚ್ಚರ ಎಂಬ ತರ್ಕದಲ್ಲೂ ಅರ್ಥವಿದೆ. ಆದರೆ ಎರಡು ಲಕ್ಷದ ಊರಿನ ಮಗುವಿನ ಶ್ವಾಸಕೋಶ ಹತ್ತು ಲಕ್ಷದ ಊರಿನ ಮಗುವಿನದಕ್ಕಿಂತ ಗಟ್ಟಿಯಾಗಿರುವುದಿಲ್ಲ. ದೇಶದ ದೊಡ್ಡ ಗೆರೆಗಳ ಹೊರಗೆ ಉಳಿದ ಮಧ್ಯಮ ಊರುಗಳಿಗೆ ತಮ್ಮದೇ ನಕ್ಷೆಯೇ ರಕ್ಷಣೆ. ರಾಯಚೂರಿಗೂ ಅಷ್ಟೇ, ನಾಳೆ ಬೆಳೆಯಲಿರುವ ಮಾನ್ವಿ, ದೇವದುರ್ಗಗಳಿಗೂ ಅಷ್ಟೇ. ನಾರಾಯಣಪುರ ಬಲದಂಡೆಯ ನೀರಿನಿಂದ ದೇವದುರ್ಗದ ಬೇಸಾಯ ಬದಲಾಗಿದೆ. ಬೆಳೆಯ ಹಿಂದೆಯೇ ಗಿರಣಿಗಳು ಬರುತ್ತವೆ. ಅವು ಎಲ್ಲಿ ನಿಲ್ಲಬೇಕೆಂದು ಈಗಲೇ ಬರೆದಿಟ್ಟರೆ ಮೂವತ್ತು ವರ್ಷದ ನಂತರ ಎತ್ತಂಗಡಿಯ ಜಗಳವಿರುವುದಿಲ್ಲ.

ತಡವಾದರೆ ತೆರುವ ಬೆಲೆ

ಎತ್ತಂಗಡಿ ಎಷ್ಟು ಕಷ್ಟ ಎಂಬುದಕ್ಕೆ ದೆಹಲಿ ಸಾಕ್ಷಿ. 1996ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯ ಅಲ್ಲಿನ 168 ಅಪಾಯಕಾರಿ ಕೈಗಾರಿಕೆಗಳು ಅದೇ ವರ್ಷದ ನವೆಂಬರ್ 30ರೊಳಗೆ ನಗರದಲ್ಲಿ ಕೆಲಸ ನಿಲ್ಲಿಸಬೇಕೆಂದು ಆದೇಶಿಸಿತು. ಆ ಕೈಗಾರಿಕೆಗಳು ನಗರ ಯೋಜನೆಯಂತೆ ಅಲ್ಲಿ ಇರಬಾರದಾಗಿತ್ತು. ಗಾಳಿಯ ದೃಷ್ಟಿಯಿಂದ ಆದೇಶ ಸರಿಯೇ. ಆದರೆ ಯಂತ್ರದ ಜೊತೆ ಬದುಕು ಕಟ್ಟಿಕೊಂಡಿದ್ದ ಕಾರ್ಮಿಕರು ದಿಕ್ಕೆಟ್ಟರು. ಮೊದಲೇ ಆಗಬೇಕಾದ ಯೋಜನೆ ತಡವಾಗಿ ಆದಾಗ ಅದರ ಬೆಲೆಯನ್ನು ಬಡವರೇ ತೆರುತ್ತಾರೆ.

ಇದಕ್ಕಿಂತ ಘೋರವಾದ ಪಾಠ ಭೋಪಾಲದ್ದು. 1984ರ ಡಿಸೆಂಬರ್ 2ರ ರಾತ್ರಿ ಅಲ್ಲಿ ವಿಷಾನಿಲ ಸೋರಿದಾಗ, ಕಾರ್ಖಾನೆಯ ಗೋಡೆಯ ಆಚೆಗೇ ಸಾವಿರಾರು ಗುಡಿಸಲುಗಳಿದ್ದವು. ಸೋರಿಕೆಗೆ ಕಾರಣಗಳು ಬೇರೆ. ಸತ್ತವರ ಸಂಖ್ಯೆ ಅಷ್ಟಾಗಲು ಅವರು ಅಷ್ಟು ಹತ್ತಿರ ಇದ್ದದ್ದೂ ಕಾರಣ. ಕಾರ್ಖಾನೆಯನ್ನು ದೂರ ಇಟ್ಟರೆ ಮುಗಿಯಲಿಲ್ಲ. ಮಧ್ಯದ ಜಾಗವನ್ನು ಖಾಲಿ ಉಳಿಸಿಕೊಳ್ಳುವುದೂ ಅಷ್ಟೇ ಮುಖ್ಯ. ರಾಯಚೂರಿನಲ್ಲಿಯೂ ನಗರ ಮತ್ತು ಯರಮರಸಿನ ನಡುವಣ ಹೊಲಗಳು ಹೊಲಗಳಾಗಿಯೇ ಉಳಿಯುತ್ತವೆಯೋ, ನಿವೇಶನಗಳಾಗುತ್ತವೆಯೋ ಎಂಬುದು ಮುಂದಿನ ಪೀಳಿಗೆಯ ಉಸಿರಿನ ಪ್ರಶ್ನೆ.

ಬೇರ್ಪಡಿಸುವುದೊಂದೇ ಮದ್ದಲ್ಲ

ಹಾಗಾದರೆ ಮನೆಗಳೆಲ್ಲ ಒಂದು ಕಡೆ, ಕೆಲಸದ ಜಾಗಗಳೆಲ್ಲ ಇನ್ನೊಂದು ಕಡೆ ಇಟ್ಟುಬಿಟ್ಟರಾಯಿತೆ? ಇಲ್ಲ. ಆಗ ಪ್ರತಿಯೊಬ್ಬರೂ ದಿನವೂ ಹತ್ತಾರು ಕಿಲೋಮೀಟರ್ ಓಡಾಡಬೇಕಾಗುತ್ತದೆ. ಚಿಮಣಿಯ ಹೊಗೆ ಕಡಿಮೆಯಾಗಿ ವಾಹನದ ಹೊಗೆ ಹೆಚ್ಚುತ್ತದೆ. ಕಿರಾಣಿ ಅಂಗಡಿ, ಪ್ರಾಥಮಿಕ ಶಾಲೆ, ದವಾಖಾನೆ, ದರ್ಜಿಯ ಅಂಗಡಿ, ಗ್ರಂಥಾಲಯ ಇವು ಮನೆಗೆ ನಡೆದು ಹೋಗುವಷ್ಟು ಹತ್ತಿರ ಇರಬೇಕು. ಹೊಗೆ ಉಗುಳುವ ಘಟಕ ಮಾತ್ರ ದೂರ ಇರಬೇಕು. ಆದರೆ ಅಲ್ಲಿಗೆ ಕಾರ್ಮಿಕರನ್ನು ಒಯ್ಯುವ ಬಸ್ಸು ಹೊತ್ತಿಗೆ ಸರಿಯಾಗಿ ಇರಬೇಕು. ಇದಕ್ಕೆಂದೇ ಮಾಲಿನ್ಯ ನಿಯಂತ್ರಣ ಮಂಡಳಿ ಉದ್ಯಮಗಳನ್ನು ಕೆಂಪು, ಕಿತ್ತಳೆ, ಹಸಿರು, ಬಿಳಿ ಮುಂತಾದ ವರ್ಗಗಳಾಗಿ ವಿಂಗಡಿಸಿದೆ. ಕೆಂಪು ಹೆಚ್ಚು ಮಲಿನ, ಬಿಳಿ ತೀರ ಕಡಿಮೆ. ಈ ಬಣ್ಣಗಳನ್ನೂ ನಗರ ನಕ್ಷೆಯ ಬಣ್ಣಗಳನ್ನೂ ಒಟ್ಟಿಗೆ ಇಟ್ಟು ನೋಡಿದರೆ ಯಾವುದು ಯಾವುದರ ನೆರೆಯಲ್ಲಿರಬಹುದು ಎಂಬುದು ಹೊಳೆಯುತ್ತದೆ.

ಚಿಮಣಿಯ ಶೋಧಕಕ್ಕೆ ನಕ್ಷೆ ಬದಲಿಯಲ್ಲ ಎಂಬುದನ್ನೂ ಮರೆಯಬಾರದು. ದೂರ ಇಟ್ಟ ಮಾತ್ರಕ್ಕೆ ಹೊಗೆ ಬಿಡಲು ಪರವಾನಗಿ ಸಿಕ್ಕಿತೆಂದಲ್ಲ. ನಗರದಿಂದ ದೂರ ಎಂದರೆ ಯಾವುದೋ ಹಳ್ಳಿಗೆ ಹತ್ತಿರ ಎಂದೇ ಅರ್ಥ. ಆ ಹಳ್ಳಿಯಲ್ಲಿಯೂ ಜನರಿದ್ದಾರೆ.

ಕಾನೂನಿನಲ್ಲಿ ನಿಮ್ಮ ಪಾಲು

1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮದ ಪ್ರಕಾರ ಯೋಜನಾ ಪ್ರಾಧಿಕಾರಗಳು ತಮ್ಮ ಪ್ರದೇಶಕ್ಕೆ ಮಹಾಯೋಜನೆ ತಯಾರಿಸಬೇಕು. ಹತ್ತು ವರ್ಷಕ್ಕೊಮ್ಮೆಯಾದರೂ ಅದನ್ನು ಪರಿಷ್ಕರಿಸಬೇಕು. ರಾಯಚೂರಿನಲ್ಲಿ ಈ ಕೆಲಸ ನಗರಾಭಿವೃದ್ಧಿ ಪ್ರಾಧಿಕಾರದ್ದು. ನಕ್ಷೆಯಲ್ಲಿ ವಸತಿಗೆ ಹಳದಿ, ವಾಣಿಜ್ಯಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಉದ್ಯಾನಕ್ಕೆ ಹಸಿರು. ಕರಡು ಪ್ರಕಟವಾದ ಮೇಲೆ 60 ದಿನಗಳೊಳಗೆ ಸಾರ್ವಜನಿಕರು ಲಿಖಿತವಾಗಿ ಅಭಿಪ್ರಾಯ ತಿಳಿಸಬಹುದು.

1981ರ ವಾಯು ಅಧಿನಿಯಮದ 17ನೆಯ ಕಲಮಿನಲ್ಲಿ, ವಾಯುಮಾಲಿನ್ಯ ಉಂಟುಮಾಡಬಹುದಾದ ಕೈಗಾರಿಕೆಗೆ ಒಂದು ಜಾಗ ತಕ್ಕದ್ದೇ ಎಂದು ಸರ್ಕಾರಕ್ಕೆ ಸಲಹೆ ಕೊಡುವುದು ರಾಜ್ಯ ಮಂಡಳಿಯ ಕರ್ತವ್ಯಗಳಲ್ಲಿ ಒಂದು ಎಂದು ಬರೆದಿದೆ. 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ದೊಡ್ಡ ಯೋಜನೆಗಳಿಗೆ ಸಾಮಾನ್ಯವಾಗಿ ಸ್ಥಳದಲ್ಲೇ ಸಾರ್ವಜನಿಕ ಅಹವಾಲು ನಡೆಯಬೇಕು. ಅಹವಾಲಿನ ಪ್ರಕಟಣೆಯನ್ನು ಪತ್ರಿಕೆಯ ಮೂಲೆಯಲ್ಲಿ ನೋಡಿ ಪುಟ ತಿರುವಬೇಡಿ. ಹಿರಿಯರಿಗೆ ಓದಿ ಹೇಳಿ. ಯಾವ ಗಾಳಿ, ಯಾವ ತಿಂಗಳು, ಯಾವ ಊರಿನ ಕಡೆ ಎಂದು ಕೇಳುವ ಒಂದು ಪ್ರಶ್ನೆ ಒಂದು ಗಂಟೆಯ ಘೋಷಣೆಗಿಂತ ಹೆಚ್ಚು ಕೆಲಸ ಮಾಡುತ್ತದೆ.

ನೀವೇ ಮಾಡಿ ನೋಡಿ

ಕೊನೆಯದಾಗಿ ಒಂದು ಪ್ರಯೋಗ. ನಾಲ್ಕು ಬಿಳಿ ರಟ್ಟಿನ ತುಂಡುಗಳ ಮೇಲೆ ತೆಳ್ಳಗೆ ವ್ಯಾಸಲೀನ್ ಸವರಿ. ಒಂದನ್ನು ಹೆದ್ದಾರಿಯ ಬದಿ, ಒಂದನ್ನು ಗಿರಣಿಯ ಹತ್ತಿರ, ಒಂದನ್ನು ನಿಮ್ಮ ಶಾಲೆಯ ಕಿಟಕಿಯಲ್ಲಿ, ಒಂದನ್ನು ಊರಾಚೆ ಬೇವಿನ ಮರದ ಬಳಿ, ಒಂದೇ ಎತ್ತರದಲ್ಲಿ ಕಟ್ಟಿ. ಮೂರು ದಿನದ ನಂತರ ಕೈಮಸೂರದಿಂದ ನೋಡಿ, ಒಂದು ಚದರ ಸೆಂಟಿಮೀಟರಿನಲ್ಲಿ ಎಷ್ಟು ಕಣಗಳಿವೆ ಎಂದು ಎಣಿಸಿ. ಸೂಕ್ಷ್ಮ ಕಣ ಇದರಲ್ಲಿ ಕಾಣದು, ದಪ್ಪ ಧೂಳು ಕಾಣುತ್ತದೆ, ಅಷ್ಟು ಸಾಕು. ಅದೇ ದಿನಗಳಲ್ಲಿ ಗಾಳಿ ಯಾವ ಕಡೆಯಿಂದ ಬೀಸಿತೆಂದು ಒಂದು ದಾರದ ತುದಿಗೆ ಬಟ್ಟೆ ಕಟ್ಟಿ ಬೆಳಿಗ್ಗೆ, ಸಂಜೆ ಬರೆದಿಡಿ. ಎರಡನ್ನೂ ನಿಮ್ಮ ಊರಿನ ನಕ್ಷೆಯ ಮೇಲೆ ಗುರುತಿಸಿ. ಇದೇ ಪ್ರಯೋಗವನ್ನು ಮಳೆಗಾಲದಲ್ಲೊಮ್ಮೆ, ಚಳಿಗಾಲದಲ್ಲೊಮ್ಮೆ ಮಾಡಿ. ನಿಮ್ಮ ಕೈಯಲ್ಲಿ ನಿಮ್ಮ ಊರಿನ ಮೊದಲ ಗಾಳಿನಕ್ಷೆ ಸಿದ್ಧವಾಗಿರುತ್ತದೆ.

ಮಿತ್ರರೇ, ನಿಮ್ಮಲ್ಲಿ ಕೆಲವರು ಎಂಜಿನಿಯರರಾಗುತ್ತೀರಿ, ಕೆಲವರು ಗ್ರಾಮ ಪಂಚಾಯತಿಯ ಸದಸ್ಯರಾಗುತ್ತೀರಿ, ಕೆಲವರು ಹೊಲ ಮಾರುವ ಅಥವಾ ನಿವೇಶನ ಕೊಳ್ಳುವ ಮನೆಯವರಾಗುತ್ತೀರಿ. ಎಲ್ಲರ ಮುಂದೆಯೂ ಒಂದಲ್ಲ ಒಂದು ದಿನ ಒಂದು ನಕ್ಷೆ ಬಂದು ಬೀಳುತ್ತದೆ. ಆಗ ರಸ್ತೆಯನ್ನು ನೋಡುತ್ತೀರಿ, ನೀರನ್ನು ನೋಡುತ್ತೀರಿ, ಬೆಲೆಯನ್ನೂ ನೋಡುತ್ತೀರಿ. ಜೊತೆಗೆ ಗಾಳಿ ಎಲ್ಲಿಂದ ಬರುತ್ತದೆ, ಅದರ ದಾರಿಯಲ್ಲಿ ಏನಿದೆ ಎಂಬುದನ್ನೂ ನೋಡಿ. ಯಾಪಲದಿನ್ನಿಯ ಹೆಸರಿನಲ್ಲಿ ಎತ್ತರದ ನೆಲವೂ ಬೇವೂ ಇವೆ. ನಾವು ಮುಂದೆ ಕಟ್ಟುವ ಬಡಾವಣೆಗಳಿಗೂ ಅಂಥ ಹೆಸರು ಇಡುವ ಹಾಗಿರಲಿ.